ಹಳೆ ಮನೆಯ ಗೋಡೆ ಬೆವರುವುದೇಕೆ?

ಮಂಗಳೂರಿನಲ್ಲಿ ಹಳೆಯ ಹೆಂಚಿನ ಮನೆ ಕೊಂಡು ಬೇಸಗೆಯಲ್ಲಿ ವಾಸಕ್ಕೆ ಬಂದವರಿಗೆ ಅದರ ನಿಜವಾದ ಗುಣ ತಿಳಿಯುವುದು ಆಟಿ ತಿಂಗಳಲ್ಲಿ. ಹೊಸ ಬಣ್ಣ ಗುಳ್ಳೆ ಏಳುತ್ತದೆ. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಕಾಣುತ್ತದೆ. ಬೆರಳಿನಿಂದ ತಟ್ಟಿದರೆ ಗಾರೆ ಟೊಳ್ಳು ಸದ್ದು ಕೊಡುತ್ತದೆ. ಮನೆಗೆ ಮುಪ್ಪು ಬಂತೆಂದು ಕೆಡವಲು ಹೊರಡುವವರೂ ಉಂಟು. ಅದಕ್ಕೆ ಮೊದಲು ಗೋಡೆಯ ಚರಿತ್ರೆಯನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು.

ಕರಾವಳಿಯ ಹಳೆ ಗೋಡೆಗಳು ಮುರಕಲ್ಲಿನವು. ಇದಕ್ಕೆ 'ಲ್ಯಾಟರೈಟ್' ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕನನ್. 1800-01ರಲ್ಲಿ ಮೈಸೂರು, ಮಲಬಾರ್, ಕೆನರಾ ಸೀಮೆಗಳಲ್ಲಿ ಸಂಚರಿಸಿದ ಆತನ ಪ್ರವಾಸ ಗ್ರಂಥ 1807ರಲ್ಲಿ ಪ್ರಕಟವಾಯಿತು. ನೆಲದೊಳಗೆ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿನ ತುಂಬ ರಂಧ್ರಗಳು. ಅದು ನೀರು ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ ಈ ಉಸಿರಾಟಕ್ಕೆ ಅಡ್ಡಿಯಾಗುತ್ತಿರಲಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಇಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಬಂದ ಮಂಗಳೂರು ಹೆಂಚಿನ ಇಳಿಜಾರು ಮಾಡು ಮಳೆ ನೀರನ್ನು ಗೋಡೆಯಿಂದ ದೂರ ಚೆಲ್ಲುತ್ತಿತ್ತು.

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟ್ ಮುಂದೆ ಎಲ್ಲೆಡೆ ಹರಡಿತು. ಸಿಮೆಂಟು ಬಲವಾದದ್ದು, ಬೇಗ ಗಟ್ಟಿಯಾಗುತ್ತದೆ. ಆದರೆ ಮುರಕಲ್ಲಿನ ಮೇಲೆ ಅದನ್ನು ಮೆತ್ತಿ ಪ್ಲಾಸ್ಟಿಕ್ ಬಣ್ಣ ಬಳಿದರೆ ಒಳಗಿನ ತೇವಕ್ಕೆ ಹೊರದಾರಿ ಕಡಿಮೆಯಾಗುತ್ತದೆ. ನೀರಿನಲ್ಲಿ ಕರಗಿದ ಲವಣ ಒಣಗುವಾಗ ಹರಳುಗಟ್ಟಿ ಗಾರೆಯನ್ನು ಒಳಗಿನಿಂದ ದೂಡುತ್ತದೆ. ಗುಳ್ಳೆಯ ಮೂಲ ಇದು. ಅದರ ಮೇಲೆ ಮತ್ತೆ ಸಿಮೆಂಟು ತೇಪೆ ಹಾಕಿದರೆ ತೇವ ಪಕ್ಕದ ಜಾಗ ಹುಡುಕುತ್ತದೆ. ಮುಂದಿನ ಮಳೆಗಾಲಕ್ಕೆ ಮತ್ತೆ ಖರ್ಚು.

ಸುಣ್ಣದ ಬಾಳಿಕೆಗೆ ಊರಿನಲ್ಲೇ ಸಾಕ್ಷಿ ಇದೆ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ ಇಟಲಿಯ ಅಂತೋನಿಯೋ ಮೊಸ್ಕೇನಿ 1899ರಿಂದ 1901ರವರೆಗೆ ಬರೆದ ಭಿತ್ತಿಚಿತ್ರಗಳು ನಿಂತಿರುವುದು ಸುಣ್ಣದ ಗಾರೆಯ ಮೇಲೆ. 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಅವುಗಳನ್ನು ಸರಿಪಡಿಸಿದರು.

ಮನೆಯ ಗೋಡೆಗೂ ಕ್ರಮ ಒಂದಿದೆ. ಮೊದಲು ಒಡೆದ ಹೆಂಚು, ಕಟ್ಟಿಕೊಂಡ ದಂಬೆ, ಗೋಡೆಗೆ ಒತ್ತಿದ ಅಂಗಳದ ಮಣ್ಣು ನೋಡಬೇಕು. ನೀರಿನ ದಾರಿ ನಿಂತ ಮೇಲೆ ಟೊಳ್ಳು ಗಾರೆ ಕಿತ್ತು, ಉಪ್ಪನ್ನು ಒಣ ಬ್ರಶ್ಶಿನಿಂದ ತೆಗೆದು, ಗೋಡೆಯನ್ನು ಒಂದು ಬೇಸಗೆ ಒಣಗಲು ಬಿಡಬೇಕು. ಬಳಿಕ ಸುಣ್ಣದ ಗಾರೆಯನ್ನು ತೆಳುವಾಗಿ ಪದರ ಪದರವಾಗಿ ಹಚ್ಚಿ, ನೀರು ಚಿಮುಕಿಸುತ್ತ ನಿಧಾನವಾಗಿ ಗಟ್ಟಿಯಾಗಲು ಬಿಡಬೇಕು. ಮೇಲೆ ಸುಣ್ಣದ ಬಣ್ಣ ಸಾಕು. ಗಡಿಬಿಡಿಯವರಿಗೆ ಇದು ಹೇಳಿದ ಕೆಲಸವಲ್ಲ. ಆದರೆ ಕೆಡವಿದ ಮುರಕಲ್ಲಿನ ಮನೆಯನ್ನು ಮರಳಿ ಕಟ್ಟಿಸುವುದಕ್ಕಿಂತ ಒಂದು ಬೇಸಗೆ ಕಾಯುವುದು ಅಗ್ಗ.