ಎಲ್ಲರಿಗೂ ಸೈನಸ್ ಐತಿ

ನಮ್ಮ ಹುಬ್ಬಳ್ಳಿ-ಧಾರವಾಡದಾಗ ಯಾರನ್ನ ಕೇಳಿದರೂ "ನನಗ ಸೈನಸ್ ಐತ್ರಿ" ಅಂತಾರೆ. ಬಿಆರ್‌ಟಿಎಸ್‌ಗೆ ರಸ್ತೆ ಅಗೆದ ವರ್ಷಗಳಲ್ಲಂತೂ ಈ ಮಾತು ನಮಸ್ಕಾರದ ಬದಲಿಗೆ ನಡೆಯುತ್ತಿತ್ತು. ಮಾತೇನೂ ಸುಳ್ಳಲ್ಲ. ಸೈನಸ್ ಎಲ್ಲರಿಗೂ ಇರುತ್ತವೆ. ಕೆನ್ನೆ, ಹಣೆ, ಕಣ್ಣುಗಳ ನಡುವೆ, ಮೂಗಿನ ಹಿಂದೆ ಇರುವ ನಾಲ್ಕು ಜೊತೆ ಗಾಳಿಪೊಳ್ಳುಗಳು ಅವು. ಅವುಗಳ ಒಳಪೊರೆ ಊದಿಕೊಂಡಾಗ ಮಾತ್ರ ಅದು ಕಾಯಿಲೆ, ಸೈನುಸೈಟಿಸ್.

ಎರಡು ವರ್ಷದ ಹಿಂದೆ ನನಗೂ "ಐತಿ" ಅಂತಾಯಿತು. ಲ್ಯಾಪ್‌ಟಾಪ್ ಮುಂದೆ ತಲೆ ಬಗ್ಗಿಸಿದರೆ ಕೆನ್ನೆಯೊಳಗೆ ಕಲ್ಲು ಇಟ್ಟಂಗೆ. ಸಿಟಿ ಸ್ಕ್ಯಾನ್ ರಿಪೋರ್ಟಿನಲ್ಲಿ ಮೂಗಿನ ನಡುಗೋಡೆ ಎಡಕ್ಕೆ ವಾಲಿದೆ ಎಂದಿತ್ತು. ಬಲಗಡೆಯ ಮಧ್ಯದ ಟರ್ಬಿನೇಟ್ ಎಂಬ ಮೂಳೆಮಡಿಕೆಯೊಳಗೆ ಗಾಳಿ ಸೇರಿ ಉಬ್ಬಿದೆ ಎಂದೂ ಇತ್ತು. ಅದಕ್ಕೆ ಕೊಂಕಾ ಬುಲ್ಲೋಸಾ ಅಂತ ಹೆಸರು. ಡಾಕ್ಟರೊಬ್ಬರು ಫಿಲ್ಮ್ ಬೆಳಕಿಗೆ ಹಿಡಿದು ಎರಡೇ ನಿಮಿಷದಲ್ಲಿ, "ಗ್ವಾಡಿ ಸೊಟ್ಟ ಐತಿ, ನೆಟ್ಟಗ ಮಾಡೂಣು" ಅಂದರು.

ಊರಿಗೆ ಫೋನ್ ಮಾಡಿದರೆ ದೊಡ್ಡಪ್ಪ ಗಾಬರಿಯಾದರು. ಎಂಬತ್ತರ ದಶಕದಲ್ಲಿ ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಮೇಲ್ದುಟಿ ಎತ್ತಿ, ಕೆನ್ನೆಯ ಮೂಳೆ ಕೊರೆಸಿಕೊಂಡವರು ಅವರು. ತುಟಿ ಇವತ್ತಿಗೂ ಅರ್ಧ ಜೋಮು. ಮೂಗು ಇವತ್ತಿಗೂ ಸೋರುತ್ತದೆ. "ಬ್ಯಾಡೋ ತಮ್ಮಾ" ಅಂದರು. ಯಾರ ಮಾತು ಕೇಳಬೇಕೋ ತಿಳಿಯದೆ ಈ ಆಪರೇಷನ್‌ಗಳ ಇತಿಹಾಸ ಓದಲು ಕೂತೆ.

ಕೆನ್ನೆಯ ಪೊಳ್ಳನ್ನು ವಿವರವಾಗಿ ಬರೆದು ಹೆಸರಾದವನು ಇಂಗ್ಲೆಂಡಿನ ನಥಾನಿಯಲ್ ಹೈಮೋರ್, 1651ರಲ್ಲಿ. ಅವನ ಪುಸ್ತಕದಲ್ಲಿ ಒಬ್ಬ ಹೆಂಗಸಿನ ಕತೆಯಿದೆ. ಹಲ್ಲು ಕೀಳಿಸಿದ ತೂತಿನಿಂದ ನೀರು ಇಳಿಯುವುದು ನಿಲ್ಲಲಿಲ್ಲವಂತೆ. ಆಕೆ ಒಂದು ಗರಿಯ ಕಡ್ಡಿ ತೂರಿಸಿ ನೋಡಿದಳು. ಅದು ಹೋಗುತ್ತಲೇ ಇತ್ತು! ಮೆದುಳಿಗೇ ತಲುಪಿತೆಂದು ಹೌಹಾರಿದಳು. ಪಾಪ, ಕಡ್ಡಿ ಪೊಳ್ಳಿನೊಳಗೆ ಸುತ್ತಿಕೊಂಡಿತ್ತು ಅಷ್ಟೆ.

ಈ ಪೊಳ್ಳಿನ ರಚನೆ ನಮ್ಮ ಕಡೆ ಜೋಳ ತುಂಬಿಡುತ್ತಿದ್ದ ಹಗೇವಿನಂತೆ. ಬಾಯಿ ಇರುವುದು ಮೇಲೆ, ಅದೂ ಕೆಲವೇ ಮಿಲಿಮೀಟರ್. ಹಗೇವಿಗೆ ನೀರು ಹೊಕ್ಕರೆ ತಾನಾಗಿ ಹೊರಗೆ ಬರುತ್ತದೆಯೇ? ನ್ಯೂಯಾರ್ಕಿನ ಕಾಲ್ಡ್‌ವೆಲ್ 1893ರಲ್ಲಿ, ಪ್ಯಾರಿಸ್ಸಿನ ಲ್ಯೂಕ್ 1897ರಲ್ಲಿ ಬೇರೆ ಬೇರೆಯಾಗಿ ಒಂದೇ ಉಪಾಯ ಹೇಳಿದರು. ತುಟಿಯ ಕೆಳಗಿಂದ ಮೂಳೆ ಕೊರೆದು ಒಳಗಿನ ಪೊರೆ ಕೆರೆದು ತೆಗೆ, ಆಮೇಲೆ ಮೂಗಿನ ಕಡೆಗೆ ತಳದಲ್ಲಿ ಹೊಸ ಕಿಂಡಿ ಮಾಡು. ಕೀವು ತಾನೇ ಇಳಿದು ಹೋಗುತ್ತದೆ. ಬಹಳ ತರ್ಕಬದ್ಧ, ನಾನಿದ್ದರೂ ಹಾಗೇ ಡಿಸೈನ್ ಮಾಡುತ್ತಿದ್ದೆ. ಮುಂದಿನ ಎಂಟು-ಒಂಬತ್ತು ದಶಕ ಜಗತ್ತಿನ ತುಂಬ ಇದೇ ಆಪರೇಷನ್. ದೊಡ್ಡಪ್ಪನಿಗೆ ಆದದ್ದೂ ಇದೇ.

ಅದೇ ಹೊತ್ತಿಗೆ ನಮ್ಮ ದೇಶದಲ್ಲಿ ಮೂಗಿನ ಹೊರಗಿನ ಆಕಾರಕ್ಕೂ ಒಂದು ಹುಚ್ಚು ಹಿಡಿದಿತ್ತು. 1901ರ ಜನಗಣತಿ ನಡೆಸಿದ ರಿಸ್ಲೆ ಸಾಹೇಬ ಮೂಗಿನ ಅಗಲ ಅಳೆದು ಜಾತಿಯ ಮೇಲುಕೀಳು ಹೇಳಬಹುದೆಂದು ನಂಬಿದ್ದ. ಎಂಥ ತಲೆಹರಟೆ. 1923ರಲ್ಲಿ ಥಾಮ್ಸನ್ ಮತ್ತು ಬಕ್ಸ್‌ಟನ್ ಬೇರೆ ಬೇರೆ ನಾಡುಗಳ ಮೂಗಿನ ಅಳತೆಗಳನ್ನು ಹವಾಮಾನದ ಪಕ್ಕ ಇಟ್ಟು ನೋಡಿದರು. ಬಿಸಿ, ತೇವದ ನಾಡಿನಲ್ಲಿ ಮೂಗು ಅಗಲ. ಚಳಿ, ಒಣ ನಾಡಿನಲ್ಲಿ ಕಿರಿದು. ಹೊರಗಿನ ಆಕಾರ ಕುಲದ ಮೇಲುಕೀಳು ಹೇಳದು ಅನ್ನುವುದು ಈಗ ನಮಗೆ ಗೊತ್ತು. ಒಳಗಿನ ಸೊಟ್ಟ ಮಾತ್ರ ಕಾಯಿಲೆ ಹೇಳುತ್ತದೆಂದು ನಂಬುತ್ತೇವೆ.

ಆ ನಂಬಿಕೆಯ ಬುಡ ಅಲುಗಾಡಿಸಿದವರು ಆಸ್ಟ್ರಿಯಾದ ಗ್ರಾಟ್ಸ್ ಊರಿನ ವಾಲ್ಟರ್ ಮೆಸ್ಸರ್‌ಕ್ಲಿಂಗರ್. ಸೈನಸ್ಸಿನ ಒಳಪೊರೆಯ ತುಂಬ ಕಣ್ಣಿಗೆ ಕಾಣದ ರೋಮಗಳಿವೆ, ಸಿಲಿಯಾ ಅಂತ. ಸಿಂಬಳದ ತೆಳು ಪದರವನ್ನು ಅವು ಒಂದೇ ದಿಕ್ಕಿಗೆ ದೂಡುತ್ತಲೇ ಇರುತ್ತವೆ. ಆ ಸಿಂಬಳ ಹೋಗುವ ದಾರಿಯನ್ನು ಅವರು ವರ್ಷಗಟ್ಟಲೆ ಹಿಂಬಾಲಿಸಿದರು. ಅದು ಗುರುತ್ವಕ್ಕೆ ವಿರುದ್ಧವಾಗಿ ಗೋಡೆ ಹತ್ತಿ ಮೇಲಿನ ಹಳೆಯ ಬಾಯಿಗೇ ಹೋಗುತ್ತಿತ್ತು. ತಳದಲ್ಲಿ ಹೊಸ ಕಿಂಡಿ ಇದ್ದರೂ ಅದರ ಪಕ್ಕದಿಂದ ಹಾದು ಮೇಲಕ್ಕೇ! ಬೇನೆ ಶುರುವಾಗುವುದು ಸಾಮಾನ್ಯವಾಗಿ ಆ ಬಾಯಿಯ ಹತ್ತಿರದ ಇಕ್ಕಟ್ಟು ಸಂದಿಯಲ್ಲಿ. ಅಲ್ಲಿ ಪೊರೆ ಊದಿಕೊಂಡು ದಾರಿ ಮುಚ್ಚುತ್ತದೆ. 1978ರಲ್ಲಿ ಅವರ ಪುಸ್ತಕ ಬಂತು. ಸ್ಟಾಮ್‌ಬರ್ಗರ್ ಮತ್ತು ಅಮೆರಿಕದ ಡೇವಿಡ್ ಕೆನಡಿ ಎಂಬತ್ತರ ದಶಕದಲ್ಲಿ ಇದನ್ನೇ ಎಂಡೋಸ್ಕೋಪಿ ಆಪರೇಷನ್ ಆಗಿ ಹಬ್ಬಿಸಿದರು.

ಆಮೇಲೆ ಸಿಟಿ ಸ್ಕ್ಯಾನ್ ಬಂತು. ಇಕ್ಕಟ್ಟೇ ಮೂಲವಾದರೆ ಇಕ್ಕಟ್ಟು ಮಾಡುವ ಮೂಳೆಯೇ ಅಪರಾಧಿ ಅಲ್ಲವೇ? ವಾಲಿದ ಗೋಡೆ, ಉಬ್ಬಿದ ಟರ್ಬಿನೇಟ್ ಎಲ್ಲ ಫಿಲ್ಮಿನಲ್ಲಿ ಕಾಣತೊಡಗಿದವು. 1991ರಲ್ಲಿ ಬೋಲ್ಜರ್ ಮತ್ತು ಸಂಗಡಿಗರು 202 ಜನರ ಸ್ಕ್ಯಾನ್ ತೆಗೆದು ನೋಡಿದರು. ಕೆಲವರು ಸೈನಸ್ ದೂರಿನವರು, ಕೆಲವರು ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದವರು. ಕೊಂಕಾ ಬುಲ್ಲೋಸಾದಂಥ ಬದಲಾವಣೆಗಳು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸರಿಯಾಗಿ ಓಡುವ ಸರ್ವರಿನಲ್ಲೂ ಇರುವ ವಾರ್ನಿಂಗ್ ತೋರಿಸಿ ಕ್ರ್ಯಾಶಿಗೆ ಇದೇ ಕಾರಣ ಅಂದಂತೆ. ಹಾಗಂತ ಗೋಡೆ ಲೆಕ್ಕಕ್ಕೇ ಇಲ್ಲ ಅಂತಲ್ಲ. ವಾಲಿದ ಗೋಡೆಗೂ ಸೈನುಸೈಟಿಸ್‌ಗೂ ನಂಟಿದೆ, ಆದರೆ ಅದು ಸಣ್ಣದು ಎಂದು 2010ರ ಒಂದು ವಿಮರ್ಶೆ ಹೇಳಿತು. ಉಸಿರೇ ಕಟ್ಟುವವರಿಗೆ ಗೋಡೆ ನೆಟ್ಟಗೆ ಮಾಡಿಸುವುದು ಬೇರೆ ಲೆಕ್ಕ. ದೀರ್ಘಕಾಲದ ಸೈನುಸೈಟಿಸ್ಸನ್ನು ಈಗ ಮುಖ್ಯವಾಗಿ ಪೊರೆಯ ಉರಿಯೂತವೆಂದೇ ನೋಡುತ್ತಾರೆ. 2020ರ ಯುರೋಪಿನ ಮಾರ್ಗಸೂಚಿಯಲ್ಲಿ ಮೊದಲ ಮದ್ದು ಉಪ್ಪುನೀರಿನಿಂದ ಮೂಗು ತೊಳೆಯುವುದು ಮತ್ತು ಸ್ಟಿರಾಯ್ಡ್ ಸ್ಪ್ರೇ. ಹಠಯೋಗದ ನೇತಿಯನ್ನು ನೋಡಿ ನಾವು ಹುಡುಗರು ನಗುತ್ತಿದ್ದೆವು.

ಎರಡನೇ ಡಾಕ್ಟರು ಎಂಡೋಸ್ಕೋಪ್ ಹಾಕಿ ಒಳಗೆ ನೋಡಿ, ಮೂರು ತಿಂಗಳು ಇದನ್ನೇ ಮಾಡು ಅಂದರು. ಕುದಿಸಿ ಆರಿಸಿದ ನೀರು, ಉಪ್ಪು, ಸ್ಪ್ರೇ. ಕಲ್ಲು ಇಳಿಯಿತು. ಗೋಡೆ ಇನ್ನೂ ಎಡಕ್ಕೇ ವಾಲಿದೆ.

ಮೊನ್ನೆ ಊರಿಗೆ ಹೋದಾಗ ಹಗೇವಿನ ಬಾಯಿಯ ಲೆಕ್ಕದಲ್ಲೇ ದೊಡ್ಡಪ್ಪನಿಗೆ ಎಲ್ಲ ಹೇಳಿದೆ. ಅವರು ತುಟಿ ಮುಟ್ಟಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಂಗಾರ ಆ ಕೆಳಗಿನ ಕಿಂಡಿ ಈಗೂ ಹಂಗ ಐತೇನು?"

"ಇರಬೇಕು ದೊಡ್ಡಪ್ಪಾ."

"ಅದರಾಗ ಯಾರೂ ಹಾಯೂದಿಲ್ಲ?"

"ಇಲ್ಲ" ಅಂದೆ.