ಹಾನಗಲ್ಲು ಸೀಮೆಯ ಎಣ್ಣೆಯೂ ಹಂಚೂ

ಶಾಸನಗಳಲ್ಲಿ “ಎಣ್ಣೆ” ಎಂಬ ಶಬ್ದವು ಬಂದೆಡೆಯಲ್ಲೆಲ್ಲ ಅದನ್ನು ಎಳ್ಳೆಣ್ಣೆಯೆಂದೇ ಅರ್ಥಮಾಡುವ ರೂಢಿಯು ನಮ್ಮ ಪಾಠಪ್ರವಚನಗಳಲ್ಲಿ ಬಲವಾಗಿ ಬೇರೂರಿದೆ. ಇದಕ್ಕೆ ವ್ಯುತ್ಪತ್ತಿಯ ಬೆಂಬಲವೂ ಇಲ್ಲದಿಲ್ಲ. ಎಳ್ ಮತ್ತು ನೆಯ್ ಸೇರಿ ಎಣ್ಣೆಯ್, ಅದರಿಂದ ಎಣ್ಣೆ. ಬಿಳಿದಾದ ನೆಯ್ ಬೆಣ್ಣೆಯಾದಂತೆಯೇ ಇದು. ಸಂಸ್ಕೃತದ ತೈಲಶಬ್ದವೂ ತಿಲದಿಂದಲೇ ಹುಟ್ಟಿದುದು. ಆದರೆ ಹುಟ್ಟಿದ ಮನೆಯಲ್ಲಿಯೇ ಶಬ್ದವು ಕೊನೆಯವರೆಗೂ ಬಾಳುವುದೆಂಬ ನಿಯಮವಿಲ್ಲ. ಔಡಲೆಣ್ಣೆ, ಹೊಂಗೆಯೆಣ್ಣೆ ಎನ್ನುವಾಗ ನಾವು ಎಳ್ಳನ್ನು ನೆನೆಯುವೆವೆ? ಕುಶಲ, ಪ್ರವೀಣ ಶಬ್ದಗಳಲ್ಲಿ ದರ್ಭೆಯೂ ವೀಣೆಯೂ ಮರೆಯಾದಂತೆ ಇಲ್ಲಿಯೂ ರೂಢಿಯು ಯೋಗವನ್ನು ನುಂಗಿದೆ. ಆದುದರಿಂದ ಒಂದು ನಾಡಿನವರು ಯಾವ ಎಣ್ಣೆಯಲ್ಲಿ ಅಡುಗೆ ಮಾಡಿದರೆಂಬುದನ್ನು ಶಬ್ದವೊಂದರಿಂದಲೇ ನಿರ್ಣಯಿಸಲಾಗದು. ನೆಲವನ್ನೂ ಹಂಚನ್ನೂ ಕೇಳಬೇಕು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ಸೀಮೆಗಳನ್ನು ಹಿಡಿದು ಇದನ್ನು ವಿಚಾರಿಸುವೆನು. ಇವು ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದು, 1997ರಿಂದ ಹಾವೇರಿ ಜಿಲ್ಲೆಯಲ್ಲಿವೆ.

ಹಾನಗಲ್ಲು ಶಾಸನಗಳ ಪಾನುಂಗಲ್ಲು. ಪಾನುಂಗಲ್ಲು ಐನೂರರ ಮುಖ್ಯ ಪಟ್ಟಣ, ಕದಂಬರ ಒಂದು ಶಾಖೆಯ ರಾಜಧಾನಿ. ಕಲ್ಯಾಣದ ಚಾಳುಕ್ಯರ ಕಾಲದ ದತ್ತಿಗಳಲ್ಲಿ ತೆಲ್ಲಿಗರೈವತ್ತೊಕ್ಕಲು ದೇವರ ನಂದಾದೀವಿಗೆಗೆ ಗಾಣಕ್ಕಿಷ್ಟು ಎಂದು ಸೊಲ್ಲಗೆಯ, ಸೊಂಟಿಗೆಯ ಲೆಕ್ಕದಲ್ಲಿ ಎಣ್ಣೆ ಬಿಡುವುದು ಕನ್ನಡ ನಾಡಿನ ಉದ್ದಗಲಕ್ಕೂ ಕಾಣುವ ಮಾತು. ಅಲ್ಲಿ ಅಳತೆಯುಂಟು, ಗಾಣವುಂಟು, ಒಕ್ಕಲುಂಟು. ಬೀಜದ ಹೆಸರು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ದೀಪಕ್ಕೆ ಔಡಲವೂ ಸಲ್ಲುತ್ತದೆ, ಹೊಂಗೆಯೂ ಸಲ್ಲುತ್ತದೆ. ದೀವಿಗೆಯ ಎಣ್ಣೆಯಿಂದ ಬಾಣಲೆಯ ಎಣ್ಣೆಯನ್ನು ಊಹಿಸುವುದು ಸಾಹಸವೇ ಸರಿ.

ಇನ್ನು ನೆಲ. ಹಾನಗಲ್ಲು ಮಲೆನಾಡಿನ ಅಂಚು, ಕೆರೆಯ ನೀರಿನ ಬತ್ತದ ಸೀಮೆ; ಮೂಡಲಿಗೆ ಸವಣೂರಿನ ಕಡೆ ಸರಿದಂತೆ ಎರೆಯ ಹೊಲ, ಜೋಳ, ಹತ್ತಿ. ಎರೆಯ ಹೊಲದಲ್ಲಿ ಹಿಂಗಾರಿ ಬೆಳೆಯ ನಡುವೆ ಕುಸುಬೆಯ ಸಾಲು ಬಿಡುವುದೂ, ದನ ನುಗ್ಗದಂತೆ ಹೊಲದ ಅಂಚಿಗೆ ಅದನ್ನೇ ಮುಳ್ಳುಬೇಲಿಯಾಗಿ ಬಿತ್ತುವುದೂ ಹಳೆಯ ಪದ್ಧತಿ. 1884ರಲ್ಲಿ ಅಚ್ಚಾದ ಮುಂಬಯಿ ಸರಕಾರದ ಧಾರವಾಡ ಗ್ಯಾಸೆಟಿಯರಿನಲ್ಲಿಯೂ ಕುಸುಬೆಗೆ ಸ್ಥಾನವಿದೆ. ಬೇಲಿಯೇ ಎಣ್ಣೆ ಕೊಡುವಾಗ ಎಳ್ಳನ್ನು ಒಗ್ಗರಣೆಗೆ ಸುರಿಯುವ ಗೃಹಿಣಿ ಎಷ್ಟರವಳು? ಎಳ್ಳು ಸಂಕ್ರಾಂತಿಗೆ ಬೇಕು, ತರ್ಪಣಕ್ಕೆ ಬೇಕು, ಅಭ್ಯಂಜನಕ್ಕೆ ಬೇಕು. ದಿನದ ಪಲ್ಯಕ್ಕೆ ಕುಸುಬೆಯೆಣ್ಣೆ, ಗುರೆಳ್ಳೆಣ್ಣೆ ಎಂಬುದೇ ಎರೆಸೀಮೆಯ ನಡೆವಳಿ.

ಇಲ್ಲಿ ಶಾಸ್ತ್ರಜ್ಞರು ಆಕ್ಷೇಪಿಸಬಹುದು. ಚರಕಸಂಹಿತೆಯ ಸೂತ್ರಸ್ಥಾನದ 25ನೆಯ ಅಧ್ಯಾಯದಲ್ಲಿ ಪಥ್ಯತಮ ಮತ್ತು ಅಪಥ್ಯತಮ ದ್ರವ್ಯಗಳ ಪಟ್ಟಿಯಿದೆ. ಸ್ಥಾವರ ಸ್ನೇಹಗಳಲ್ಲಿ ತಿಲತೈಲವು ಅತ್ಯಂತ ಹಿತಕರವೆಂದೂ ಕುಸುಂಭಸ್ನೇಹವು ಅತ್ಯಂತ ಅಹಿತಕರವೆಂದೂ ಅಲ್ಲಿ ಹೇಳಿದೆ. ಇಷ್ಟು ಸ್ಪಷ್ಟವಾದ ನಿಂದೆಯಿರುವಾಗ ನಮ್ಮ ಹಿರಿಯರು ಕುಸುಬೆಯನ್ನು ತಿಂದರೆನ್ನಬಹುದೇ? ಎನ್ನಬಹುದೆಂದೇ ನನ್ನ ಅಭಿಪ್ರಾಯ. ಪ್ರಾಪ್ತಿಯಿದ್ದಲ್ಲಿಯೇ ನಿಷೇಧವೆಂಬುದು ಮೀಮಾಂಸಕರ ನ್ಯಾಯ. ಯಾರೂ ತಿನ್ನದುದನ್ನು ಬೇಡವೆಂದು ಯಾವ ವೈದ್ಯನೂ ಬರೆಯುವುದಿಲ್ಲ. ಚರಕನ ನಿಂದೆಯೇ ಕುಸುಂಭತೈಲವು ಆಹಾರದಲ್ಲಿತ್ತೆಂಬುದಕ್ಕೆ ಸಾಕ್ಷಿ. ಇಂದಿನ ಆಹಾರಶಾಸ್ತ್ರವು ಕುಸುಬೆಯೆಣ್ಣೆಯನ್ನು ಅಷ್ಟು ಹೀನವೆಂದು ಎಣಿಸುವುದಿಲ್ಲವೆಂಬುದು ಬೇರೆ ಮಾತು.

ಆ ಎಣ್ಣೆಯ ಗುಣವು ತಿಳಿಯುವುದು ಹಂಚಿನ ಮೇಲೆ. ಹಂಚೆಂದರೆ ಮಾಡಿನ ಹೆಂಚು, ಒಡೆದ ಮಡಕೆಯ ಚೂರು, ಮತ್ತು ರೊಟ್ಟಿ ಬೇಯಿಸುವ ಪಾತ್ರೆ. ಇಂದು ಅದು ಕಬ್ಬಿಣದ್ದಾದರೂ ಹೆಸರು ಮಣ್ಣಿನದೇ ಉಳಿದಿದೆ. ಚಾಳುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು (ಸುಮಾರು 1129) ತನ್ನ ಅನ್ನಭೋಗ ಪ್ರಕರಣದಲ್ಲಿ ಮಂಡಕವನ್ನು ಕಾದ ಖರ್ಪರದ ಮೇಲೆ ಬೇಯಿಸಬೇಕೆಂದೂ, ಧೋಸಕವನ್ನು ಎಣ್ಣೆ ಸವರಿದ ಕಾದ ತಾಪಕದ ಮೇಲೆ ಬೇಯಿಸಬೇಕೆಂದೂ ಹೇಳುತ್ತದೆ. ಖರ್ಪರವೆಂದರೆ ನಮ್ಮ ಮಣ್ಣಿನ ಹಂಚೇ. ಒಂದಕ್ಕೆ ಒಣ ಹಂಚು, ಇನ್ನೊಂದಕ್ಕೆ ಎಣ್ಣೆಯ ಹಂಚು ಎಂಬ ಈ ಭೇದವು ಈ ಸೀಮೆಯ ಮನೆಗಳಲ್ಲಿ ಇಂದಿಗೂ ಕೆಟ್ಟಿಲ್ಲ. ಜೋಳದ ರೊಟ್ಟಿಗೆ ಮೇಲೆ ನೀರು ಸವರುವರೇ ಹೊರತು ಎಣ್ಣೆ ಮುಟ್ಟಿಸುವುದಿಲ್ಲ. ದೋಸೆಯ ಹಂಚನ್ನೂ ಪಡ್ಡಿನ ಹಂಚನ್ನೂ ಬೇರೆಯಾಗಿ ಇಟ್ಟು, ಕೊಂಡು ತಂದೊಡನೆ ಪಳಗಿಸುವರು.

ಪಳಗಿಸುವುದೆಂಬ ಮಾತನ್ನು ಗಮನಿಸಬೇಕು. ಆನೆಗೂ ಹೋರಿಗೂ ಸಲ್ಲುವ ಕ್ರಿಯಾಪದವೇ ಹಂಚಿಗೂ ಸಲ್ಲುತ್ತಿದೆ. ಮಣ್ಣಿನದಾದರೆ ಇರುಳೆಲ್ಲ ನೀರಿನಲ್ಲಿ ನೆನೆಯಿಟ್ಟು, ಗಂಜಿಯನ್ನು ಕಾಯಿಸಿ, ಆಮೇಲೆ ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಕಾಯಿಸುವರು. ಕಬ್ಬಿಣದ್ದಾದರೆ ಬೂದಿಯಿಂದ ತಿಕ್ಕಿ ತೊಳೆದು ಒಣಗಿಸಿ, ಅರ್ಧ ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಅದ್ದಿ ಕಾದ ಹಂಚಿಗೆ ಮತ್ತೆಮತ್ತೆ ಉಜ್ಜುವರು. ಇದರ ಕಾರಣ ಸರಳವಾಗಿದೆ. ತೆಳುವಾಗಿ ಸವರಿದ ಎಣ್ಣೆಯು ಗಾಳಿಯನ್ನೂ ಕಾವನ್ನೂ ಕುಡಿದು ಗಟ್ಟಿಯಾಗಿ, ಅರಗಿನಂಥ ಪದರವಾಗಿ ಲೋಹವನ್ನು ಕಚ್ಚುತ್ತದೆ. ಆದರೆ ಎಲ್ಲ ಎಣ್ಣೆಗಳೂ ಹೀಗೆ ಒಣಗಲಾರವು. ಅಗಸೆ, ಗುರೆಳ್ಳು, ಕುಸುಬೆ ಬೇಗ ಒಣಗುವ ಜಾತಿ, ಎಳ್ಳು ನಡುತರ, ಔಡಲವೂ ಕೊಬ್ಬರಿಯೂ ತಾವಾಗಿ ಒಣಗುವುದೇ ಇಲ್ಲ. ಕುಸುಬೆಯ ಬೀಜವನ್ನು ಸುಟ್ಟು ತೆಗೆದ ಕಪ್ಪು ಜಿಗಿಯೆಣ್ಣೆಯನ್ನು ನೀರು ತಾಗುವ ಬಾವಿಯ ಹಗ್ಗಕ್ಕೂ ತೊಗಲಿಗೂ ಬಳಿಯುತ್ತಿದ್ದುದು ಈ ಗುಣದಿಂದಲೇ. ಚರಕನು ಹೊಟ್ಟೆಯ ಪಕ್ಷದಿಂದ ಕೊಟ್ಟ ತೀರ್ಪನ್ನು ಹಂಚು ಒಪ್ಪಲಿಲ್ಲ.

ಶಾಸ್ತ್ರಕ್ಕೂ ಪಳಗಿಕೆಯು ಅಪರಿಚಿತವಲ್ಲ. ಅರಿಷ್ಟಗಳನ್ನು ತುಂಬಿಡಲು ವೈದ್ಯರು ಬೇಡುವುದು ಘೃತಭಾವಿತವಾದ, ಎಂದರೆ ತುಪ್ಪ ಕುಡಿದ ಮಣ್ಣಿನ ಪಾತ್ರೆಯನ್ನು. ಹೊಸ ಪಾತ್ರೆಗೆ ಅಂಟಿದ ಸಂಸ್ಕಾರವು ಬದಲಾಗದೆಂದು ಹಿತೋಪದೇಶದ ಪ್ರಸ್ತಾವನೆಯಲ್ಲಿ ನಾರಾಯಣನು ಹೇಳಿ, ಅದಕ್ಕಾಗಿಯೇ ಎಳೆಯರಿಗೆ ಕಥೆಯ ನೆಪದಿಂದ ನೀತಿಯನ್ನು ಕಲಿಸುವೆನೆನ್ನುತ್ತಾನೆ. ಬಾಲಪಾಠದಲ್ಲಿ ಈ ಶ್ಲೋಕವನ್ನು ಬಾಯಿಪಾಠ ಮಾಡಿಸುವ ನಾವು ಸಂಸ್ಕಾರವೆಂಬಲ್ಲಿ ಒಂದು ರೇಖೆಯನ್ನೋ ವಾಸನೆಯನ್ನೋ ಹೇಳಿ ಮುಂದೆ ಸಾಗುತ್ತೇವೆ. ಪಳಗಿದ ಹಂಚನ್ನು ತೋರಿಸಿದರೆ ಟೀಕೆಯೇ ಬೇಡ. ಸರ್ವಜ್ಞನ ತಾಯಿಯನ್ನು ಹಿರೇಕೆರೂರು ಸೀಮೆಯ ಅಬಲೂರಿನ ಕುಂಬಾರ ಮನೆಯವಳೆಂದು ಐತಿಹ್ಯವು ಹೇಳುತ್ತದೆ. ಆ ಮನೆಗಳಲ್ಲಿ ಈ ಶ್ಲೋಕದ ಅರ್ಥವನ್ನು ಸಂಸ್ಕೃತವಿಲ್ಲದೆಯೇ ಬಲ್ಲರು.

ಈ ವ್ಯವಸ್ಥೆಯನ್ನು ಕದಲಿಸಿದುದು ಶೇಂಗಾ. ದಕ್ಷಿಣ ಅಮೆರಿಕದ ಈ ಬೀಜವು ಪೋರ್ತುಗೀಜರ ಕಾಲದ ಅನಂತರ ನಮ್ಮ ದೇಶಕ್ಕೆ ಬಂದು, 20ನೆಯ ಶತಮಾನದಲ್ಲಿ ಈ ಹೊಲಗಳನ್ನು ಹಬ್ಬಿತು. ಮೈಸೂರಿನ ಕಡೆಯವರು ಇದನ್ನು ಕಡಲೆಕಾಯಿ ಎನ್ನುವರು. ಇಲ್ಲಿಯವರದು ಕಾಯಿ ಎಂಬರ್ಥದ ಮರಾಠಿ ಶಬ್ದ. ಹೆಸರಿನ ಜಾಡು ಬಡಗಲನ್ನೇ ತೋರಿಸುತ್ತದೆ. ಸವಣೂರಿನಲ್ಲಿ ಆಫ್ರಿಕದ ದೊಡ್ಡಹುಣಸೆ ಮರಗಳು ಶತಮಾನಗಳಿಂದ ನಿಂತು ಊರಿನವೇ ಆದಂತೆ ಶೇಂಗಾ ಎಣ್ಣೆಯೂ ಊರಿನದಾಯಿತು. ಸವಣೂರಿನ ಖಾರವನ್ನು ಕರಿಯುವವರಿಗೆ ಅದು ಒಗ್ಗಿತು. ಕರಿಯುವುದಕ್ಕೆ ಅದು ಉತ್ತಮವೇ. ಪಳಗಿಸುವುದಕ್ಕೆ ಮಾತ್ರ ಮಂದ. ಕುಸುಬೆ ನಾಲ್ಕು ಸಲಕ್ಕೆ ಮಾಡುವುದನ್ನು ಅದು ಹತ್ತು ಸಲಕ್ಕೂ ಮಾಡದು. ಚರಕಸುಶ್ರುತರಲ್ಲಿ ಹೆಸರಿಲ್ಲದ ಈ ಬೀಜಕ್ಕೆ ಸಂಸ್ಕೃತಜ್ಞರು ತಡವಾಗಿ ಭೂಚಣಕವೆಂದು ನಾಮಕರಣ ಮಾಡಿದರು. ನಾನು ಬಲ್ಲ ಯಾವ ಅಡುಗೆಮನೆಯೂ ಆ ಹೆಸರನ್ನು ಹಿಡಿದಿಲ್ಲ.