'ಝೀರೋ ಕ್ಲಿಯರೆನ್ಸ್' ಫೈರ್‌ಪ್ಲೇಸ್‌ಗೆ ಮರ ತಾಗಿದರೂ ಅಪಾಯವಿಲ್ಲವೇ?

ಕಾರ್ಖಾನೆಯಲ್ಲೇ ತಯಾರಾಗಿ ಬರುವ ಲೋಹದ ಫೈರ್‌ಪ್ಲೇಸ್, ಅಂದರೆ ಅಗ್ಗಿಷ್ಟಿಕೆ, ಅಮೆರಿಕದ ಮನೆಗಳಲ್ಲಿ ಸಾಮಾನ್ಯ. 'ಝೀರೋ ಕ್ಲಿಯರೆನ್ಸ್' ಎಂದು ಹೆಸರಿದ್ದ ಮೇಲೆ ಸುತ್ತ ಎಲ್ಲಿ ಬೇಕಾದರೂ ಮರ ತಾಗಿಸಬಹುದು ಎಂದುಕೊಳ್ಳುವವರಿದ್ದಾರೆ. ಇದು ತಪ್ಪು.

ಪೆಟ್ಟಿಗೆಯ ಹೊರಮೈಯಲ್ಲಿ ಅಂತರ ಕಾಯುವ ಲೋಹದ ಪಟ್ಟಿಗಳಿರುತ್ತವೆ. ಮರದ ಚೌಕಟ್ಟು ತಾಗಬಹುದಾದದ್ದು ಅವಕ್ಕೆ ಮಾತ್ರ. ಹೊಗೆಕೊಳವೆಯ ಸುತ್ತ ಸಾಮಾನ್ಯವಾಗಿ 2 ಇಂಚು ಖಾಲಿ ಜಾಗ ಬೇಕು. ಚಳಿ ಬರುತ್ತದೆಂದು ಅಲ್ಲಿ ಇನ್ಸುಲೇಷನ್ ತುರುಕಿದರೆ ಶಾಖ ಒಳಗೇ ಉಳಿಯುತ್ತದೆ. ವರ್ಷಗಟ್ಟಲೆ ಕಾದ ಮರ ನಿಧಾನವಾಗಿ ಇದ್ದಿಲಿನಂತಾಗಿ, ಹೊಸ ಮರಕ್ಕಿಂತ ಕಡಿಮೆ ಉಷ್ಣತೆಯಲ್ಲೇ ಹೊತ್ತಿಕೊಳ್ಳಬಲ್ಲದು. ಹಾಗಾಗಿ 'ಹತ್ತು ವರ್ಷದಿಂದ ಏನೂ ಆಗಿಲ್ಲವಲ್ಲ' ಎನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ಅಲಂಕಾರ ಮಾಡುವಾಗಲೂ ಎಡವಟ್ಟಾಗುತ್ತದೆ. ಮುಂಭಾಗದ ಕಪ್ಪು ತಗಡಿನ ಮೇಲೆ ಟೈಲ್ಸ್, ಕಲ್ಲಿನಂಥ ಉರಿಯದ ವಸ್ತುವೇ ಇರಬೇಕು. ಸಾಮಾನ್ಯ ಜಿಪ್ಸಂ ಬೋರ್ಡ್‌ನ ಮೇಲ್ಪದರ ಕಾಗದ, ಅದು ಉರಿಯುತ್ತದೆ. ಗಾಳಿಕಿಂಡಿಗಳನ್ನು ಚೆಂದಕ್ಕೆಂದು ಮುಚ್ಚಲೇಬಾರದು. ಒಂದು ಕಂಪನಿಯ ಪೆಟ್ಟಿಗೆಗೆ ಇನ್ನೊಂದರ ಕೊಳವೆ ಜೋಡಿಸುವುದೂ ಬೇಡ. 'ಯುಎಲ್ 127' ಮಾನದಂಡದ ಪರೀಕ್ಷೆ ನಡೆಯುವುದು ಇಡೀ ಜೋಡಣೆಗೆ.

ನಿಖರ ಅಳತೆಗಳು ಆಯಾ ಮಾಡೆಲ್‌ನ ಕೈಪಿಡಿಯಲ್ಲಿರುತ್ತವೆ. ಹಳೆಯ ಮನೆ ಕೊಂಡು ಕೈಪಿಡಿ ಸಿಗದಿದ್ದರೆ, ಮಾಡೆಲ್ ಸಂಖ್ಯೆ ಬರೆದ ಲೋಹದ ಫಲಕವನ್ನು ಪೆಟ್ಟಿಗೆಯ ಬಾಯಿಯ ಒಳಬದಿಯಲ್ಲಿ ಹುಡುಕಿ.